ಅಳಿಯನ ನಿದ್ದೆ

ನಮ್ಮ ಊರಿನಲ್ಲಿ ದೀಪ ಆರಿಸಬೇಕೆಂದರೆ ಅದನ್ನು ಹಿತ್ತಾಳೆ ಕೊಡದೊಳಗೆ ಇಳಿಸಿ ಮುಚ್ಚಳ ಹಾಕಬೇಕು. ಬೇರೆ ಉಪಾಯವಿಲ್ಲ. ಗೋಡೆಯಲ್ಲಿ ತಂತಿ ಇಲ್ಲ, ಒತ್ತಲು ಗುಂಡಿ ಇಲ್ಲ, ಕರೆಂಟು ಗಾಳಿಯಲ್ಲೇ ಇದೆ. ಬಲ್ಬನ್ನು ಗೂಟಕ್ಕೆ ನೇತುಹಾಕಿದರೂ ಉರಿಯುತ್ತದೆ, ಕೈಯಲ್ಲಿ ಹಿಡಿದರೂ ಉರಿಯುತ್ತದೆ, ಮರೆತು ಜೇಬಿನಲ್ಲಿ ಇಟ್ಟುಕೊಂಡು ಹೊರಟರೆ ಅಂಗಿಯೊಳಗಿಂದ ಬೆಳಕು ಬರುತ್ತದೆ. ಊರಿನ ಪಶ್ಚಿಮಕ್ಕಿರುವ ಹಳ್ಳದವರೆಗೂ ಹೀಗೆ. ಹಳ್ಳ ದಾಟಿದರೆ ಬಲ್ಬು ಬರೀ ಗಾಜು.

ಹೊರಗಿನವರು ಬಂದ ಮೊದಲ ದಿನ ಬಾಯಿ ತೆರೆದು ನೋಡುತ್ತಾರೆ. ನಮಗೆ ಅದರಲ್ಲಿ ನೋಡುವಂಥದ್ದೇನೂ ಕಾಣುವುದಿಲ್ಲ. ಬಟ್ಟೆ ಒಣಹಾಕಲು ನಾವು ತಂತಿ ಕಟ್ಟುವುದಿಲ್ಲ, ಹಗ್ಗ ಕಟ್ಟುತ್ತೇವೆ. ತಂತಿಯಾದರೆ ಬೆರಳಿಗೆ ಇರುವೆ ಕಡಿದಂತೆ ಚುರ್ ಎನ್ನುತ್ತದೆ. ಬೆಕ್ಕುಗಳ ಕೂದಲು ಸದಾ ನಿಮಿರಿಕೊಂಡಿರುವುದರಿಂದ ನಮ್ಮ ಊರಿನ ಬಡಕಲು ಬೆಕ್ಕೂ ಉಂಡು ಬೆಳೆದದ್ದರ ಹಾಗೆ ಕಾಣುತ್ತದೆ. ಮದುವೆಯ ಉಡುಗೊರೆ ಎಂದರೆ ಮುಚ್ಚಳವಿರುವ ಕೊಡ. ಹೀಗಾಗಿ ನನ್ನ ಪಕ್ಕದ ಅಂಗಡಿಯ ದ್ಯಾಮಣ್ಣ ಕಂಚಗಾರ ವರ್ಷವಿಡೀ ನಗುನಗುತ್ತಲೇ ಇರುತ್ತಾನೆ.

ನಾನು ಗಾದಿ ಮಾಡುವವನು. ಹೆಸರು ಹುಸೇನಸಾಬ ನದಾಫ. ಅರಳೆ ಹಿಂಜಿ, ಗವಸಿಗೆ ತುಂಬಿ, ದಬ್ಬಣದಿಂದ ಹೊಲಿದು ಕೊಡುವುದು ನಮ್ಮ ಮನೆತನದ ಕಸುಬು. ಮುಂದೆ ಅಂಗಡಿ, ಹಿಂದೆ ಮನೆ. ನನಗೂ ನನ್ನ ಹೆಂಡತಿ ಕಾಶೀಂಬಿಗೂ ಒಬ್ಬಳೇ ಮಗಳು, ಜೈತುನ. ಹಿಂಜುವ ಬಿಲ್ಲು ಅವಳ ಕೈಗೆ ಬಂದರೆ ಅರಳೆ ಹೊಗೆಯ ಹಾಗೆ ಮೇಲೇಳುತ್ತದೆ. ನಾನು ಹಿಂಜಿದ್ದು ಅರಳೆಯಾಗಿಯೇ ಉಳಿಯುತ್ತದೆ. ಮದುವೆಯ ಮಾತು ಬಂದಾಗ ಅವಳು ಹಾಕಿದ ಷರತ್ತು ಒಂದೇ: "ಅಂಗಡಿ ಬಿಟ್ಟು ಬರಂಗಿಲ್ಲ. ಇಲ್ಲಿಗೆ ಬಂದು ಇರೋವ್ರಿದ್ರ ನೋಡ್ರಿ."

ಅಂಥವನನ್ನು ಹುಡುಕಲು ನನಗೆ ಚಪ್ಪಲಿ ಸವೆಯಿತು. ಕೊನೆಗೆ ಸಿಕ್ಕಿದವನು ಬಂದೇನವಾಜ. ಹಳ್ಳದಾಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನವನು, ದರ್ಜಿ. ಅವನಿಗೆ ತಂದೆ ಇಲ್ಲ. ತಾಯಿ ಚಾಂದಬಿ ದೊಡ್ಡ ಮಗನ ಜೊತೆ ಇದ್ದಳು. ಮೆತ್ತಗೆ ಮಾತಾಡುವ, ಎದುರಿನವರ ಮಾತು ಮುಗಿಯುವವರೆಗೆ ಕಾಯುವ ಹುಡುಗ. ನೋಡಲು ಬಂದ ದಿನ ಜೈತುನ ಅವನಿಗೆ ನೇರವಾಗಿ, "ಗಾದಿ ಗವಸು ಹೊಲಿಯಾಕ ಬರತೈತೇನ್ರಿ?" ಎಂದು ಕೇಳಿದಳು. ಅವನು, "ಬರಂಗಿಲ್ಲ. ಕಲಿಸಿದ್ರ ಕಲೀತೀನಿ" ಎಂದ. ಒಳಗೆ ಬಂದು ಅವಳು ಆಗಲಿ ಅಂದಳು.

ಮದುವೆಯಾದ ಮೇಲೆ ಬಸ್ಸಿನ ಮೇಲೆ ಹೊಲಿಗೆ ಯಂತ್ರ ಕಟ್ಟಿಸಿಕೊಂಡು ನವಾಜ ನಮ್ಮಲ್ಲಿಗೆ ಬಂದ. ನಾವು ಅವನನ್ನು ಹೂವಿನಂತೆ ನೋಡಿಕೊಂಡೆವು. ಮನೆಗೆ ಬಂದ ಅಳಿಯನಿಗೆ ಮೊದಲ ವರ್ಷ ಕೆಲಸ ಹಚ್ಚಬಾರದು ಎಂದು ಕಾಶೀಂಬಿ ಹೇಳಿದಳು, ನನಗೂ ಅದು ಸರಿಯೆನಿಸಿತು. ಯಂತ್ರವನ್ನು ಮೂಲೆಗಿಟ್ಟು ಹೊದಿಕೆ ಹೊದಿಸಿದೆವು. ಅವನಿಗಾಗಿ ನಾನೇ ಒಂದು ಗಾದಿ ಮಾಡಿದೆ. ನನ್ನ ಜನ್ಮದಲ್ಲಿ ಅಷ್ಟು ದಪ್ಪನೆಯ ಗಾದಿ ಮಾಡಿರಲಿಲ್ಲ. ಅದರ ಮೇಲೆ ಕೂತರೆ ಮನುಷ್ಯ ಸೊಂಟದವರೆಗೂ ಇಳಿಯುತ್ತಿದ್ದ. ಅವನು ನಿಂತರೆ ಕುರ್ಚಿ ತರುತ್ತಿದ್ದೆವು. ಕೂತರೆ ಚಹಾ. ಮಧ್ಯಾಹ್ನ ಅವನು ಮಲಗಿದರೆ ನಾನು ಬಿಲ್ಲಿನ ಟಂಯ್ ಟಂಯ್ ನಿಲ್ಲಿಸಿ ಹೊರಗೆ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತಾ ನಿಂತಿದ್ದಾಗ ಕಣ್ಣು ನೋಡಿದೆ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಕೆಂಪಗಿದ್ದವು.

"ಯಾಕ ನವಾಜ, ಮೈಯಾಗ ಹುಷಾರಿಲ್ಲೇನು?"

"ಹಂಗೇನಿಲ್ಲ ಮಾವ."

"ನಿದ್ದಿ ಬರತೈತಿಲ್ಲ?"

ಅವನು ಬಾಯಿ ಮುಕ್ಕಳಿಸಿ, ಟವೆಲಿನಿಂದ ಮುಖ ಒರೆಸಿ, ಆಮೇಲೆ ಹೇಳಿದ. "ಖರೇ ಹೇಳಬೇಕಂದ್ರ ಬಂದ ದಿನದಿಂದ ಬರವಲ್ದು. ನಿಮಗ ಬ್ಯಾಸರಾದೀತಂತ ಹೇಳಿರಲಿಲ್ಲ."

ನಿದ್ದೆಯೇ ನಮ್ಮ ವ್ಯಾಪಾರ. ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟವನ ಮನೆಯಲ್ಲಿ ಅಳಿಯ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾನೆ ಎಂದರೆ ಯಾರಿಗೆ ಹೇಳುವುದು? ಕಾಶೀಂಬಿ ಗಸಗಸೆ ಹಾಲು ಕಾಸಿದಳು, ಅಂಗಾಲಿಗೆ ಎಣ್ಣೆ ತಿಕ್ಕಿಸಿದಳು, ದೃಷ್ಟಿ ತೆಗೆದಳು. ನಾನು ಗಾದಿ ಬಿಚ್ಚಿ ಇನ್ನಷ್ಟು ಅರಳೆ ತುಂಬಿದೆ. ಏನೂ ನಡೆಯಲಿಲ್ಲ. ಅವನ ಅಂಗಿ ಹೆಗಲಲ್ಲಿ ಸಡಿಲವಾಗುತ್ತಾ ಬಂತು.

ನವಾಜ ಸುಮ್ಮನೆ ಕೂರುವವನಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ಓದಿದ. ಒಂದು ದಿನ ಊಟಕ್ಕೆ ಕೂತಾಗ ನಮಗೆಲ್ಲ ಹೇಳಿದ. "ಮನ್ಯಾಗಿನ ಕರೆಂಟಿನ ಸುತ್ತ ಒಂದು ಕ್ಷೇತ್ರ ಇರತೈತಂತ ಮಾವ. ಕಣ್ಣಿಗೆ ಕಾಣಂಗಿಲ್ಲ. ಅದರಿಂದ ನಿದ್ದಿ ಕೆಡತೈತಿ, ತಲಿ ನೋಯತೈತಿ, ಮುಂದ ದೊಡ್ಡ ರೋಗ ಬರತಾವು ಅಂತ ಕೆಲವ್ರು ಬರದಾರ. ಹಂಗೇನಿಲ್ಲ ಅಂತ ಬರದವ್ರೂ ಅದಾರ. ಆದ್ರ ಅವ್ರೆಲ್ಲಾ ಬರದಿದ್ದು ಒಂದು ಮಿಕ್ಸರು, ಒಂದು ಟಿ.ವಿ. ಇರೋ ಮನಿ ಬಗ್ಗೆ. ಇಲ್ಲಿ ಗಾಳಿಯಾಗ ಬಲ್ಬು ಉರಿತಾವು."

ಕಾಶೀಂಬಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ನಾವು ಹುಟ್ಟಿದಾಗಿಂದ ಇಲ್ಲೇ ಅದೀವಿ. ನಮಗೇನಾಗೇತಿ?"

"ನಿಮಗ ರೂಢಿ ಆಗೇತಿ ಅತ್ತಿ. ನನಗಿಲ್ಲ."

ಜೈತುನ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ನವಾಜ ಅವಳ ಕಡೆ ನೋಡಿ, ನನ್ನ ಕಡೆ ತಿರುಗಿ, ಬರುವ ಹಬ್ಬ ಮುಗಿದ ಮೇಲೆ ತನ್ನ ಊರಿಗೆ ಹೋಗಿ ಅಲ್ಲೇ ಅಂಗಡಿ ಹಾಕುವ ವಿಚಾರವಿದೆ ಎಂದ. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನಾನು ಜಗಳವಾಡಬಹುದಿತ್ತು.

ಮರುದಿನ ಜೈತುನ ಅಂಗಡಿಯಲ್ಲಿ ಹಿಂಜುತ್ತಿರುವಾಗ ಕೇಳಿದೆ, ನೀನೇನಂತಿ ಎಂದು. ಬಿಲ್ಲು ನಿಲ್ಲಿಸದೆಯೇ ಹೇಳಿದಳು. "ನಾ ಇಲ್ಲೇ ಇರಬೇಕಂತ ಅವ್ರನ್ನ ಸಾಯಬಡಿಲೇನು? ಅವ್ರು ಹೋದ್ರ ನಾನೂ ಹೋಗ್ತೀನಿ ಅಪ್ಪಾ." ಅವಳ ರೆಪ್ಪೆಯ ಮೇಲೆ ಅರಳೆಯ ಎಳೆ ಕೂತಿತ್ತು. ಅದನ್ನು ತೆಗೆಯಲು ಕೈ ಚಾಚಿ, ಹಿಂದೆ ತೆಗೆದುಕೊಂಡೆ. ಸಣ್ಣ ಹುಡುಗಿಯಲ್ಲವಲ್ಲ.

ಅವನನ್ನು ಡಾಕ್ಟರ್ ಅನಸೂಯಾ ಹತ್ತಿರ ಕರೆದುಕೊಂಡು ಹೋದೆ. ಅವರೂ ಹೊರಗಿನಿಂದ ಬಂದವರೇ. ಬಂದು ತಲೆ ನರೆಯುವಷ್ಟು ಕಾಲವಾಗಿದೆ. ರಕ್ತ ನೋಡಿದರು, ಎದೆ ನೋಡಿದರು, ನಾಲಿಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಪ್ಪ, ಈ ಊರಾಗ ಚಲೋ ನಿದ್ದಿ ಮಾಡೋವ್ರೂ ಅದಾರ, ಮಾಡದವ್ರೂ ಅದಾರ. ಹಳ್ಳದಾಚೆ ಊರಾಗೂ ಹಂಗ ಅದಾರ. ಕರೆಂಟಿಂದನ ಹಿಂಗಾತು ಅಂತ ಹೇಳಾಕ ನನ್ನ ಹತ್ರ ಆಧಾರ ಇಲ್ಲ."

"ಅಂದ್ರ ನಾ ಸುಳ್ಳ ಹೇಳಾಕತ್ತೀನಂತೀರೇನ್ರಿ?" ನವಾಜ ಮೊದಲ ಬಾರಿ ಸ್ವಲ್ಪ ಬಿಗಿಯಾಗಿ ಕೇಳಿದ.

"ಇಲ್ಲಪ್ಪ. ನಿನ್ನ ನಿದ್ದಿ ಹೋಗಿದ್ದು ಖರೇ. ತೂಕ ಇಳಿದಿದ್ದು ಖರೇ. ಯಾಕ ಅನ್ನೋದಷ್ಟ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಾಕ ನನಗ ಬರಂಗಿಲ್ಲ."

ಹೊರಗೆ ಬಂದ ಮೇಲೆ ನವಾಜ, "ಚಲೋ ಡಾಕ್ಟರು" ಎಂದ. ನನಗೆ ಮಾತ್ರ ಸಿಟ್ಟು ಬಂದಿತ್ತು. ಗುಳಿಗೆ ಬರೆಯದ ಡಾಕ್ಟರಿಂದ ಏನು ಉಪಯೋಗ ಎಂದುಕೊಳ್ಳುತ್ತಾ ಮನೆಗೆ ಬಂದೆ.

ತೊಟ್ಟಿಯ ಉಪಾಯ ಹೇಳಿದವನು ದ್ಯಾಮಣ್ಣ. ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ಕಬ್ಬಿಣದ ನೀರಿನ ತೊಟ್ಟಿ ಇತ್ತು. ಊರಿಗೆ ಹೊಸ ತೊಟ್ಟಿ ಬಂದಾಗ ಇದನ್ನು ಹರಾಜಿನಲ್ಲಿ ಹಿಡಿದು, ಪಕ್ಕದಲ್ಲಿ ಬಾಗಿಲು ಕತ್ತರಿಸಿ, ಅರಳೆ ಚೀಲ ತುಂಬಿಡಲು ಬಳಸುತ್ತಿದ್ದೆ. ಒಂದು ಕೋಣೆಯಷ್ಟು ದೊಡ್ಡದು. ದ್ಯಾಮಣ್ಣ ಅದರ ಮೈಗೆ ಬಡಿದು ಸದ್ದು ಕೇಳಿದ.

"ಕೊಡದಾಗ ಇಟ್ರ ಬಲ್ಬು ಯಾಕ ಆರತೈತಿ? ಕರೆಂಟು ಒಳಗ ಹೋಗಂಗಿಲ್ಲ. ಇದೂ ಕೊಡಾನ. ಅಳ್ಯಾನ್ನ ಒಳಗಿಟ್ಟು ಬಾಗಿಲಾ ಹಾಕು."

ಕಾಶೀಂಬಿಗೆ ಇದು ಅವಮಾನ ಎನಿಸಿತು. ಮನೆಯ ಅಳಿಯನನ್ನು ತೊಟ್ಟಿಯಲ್ಲಿ ಮಲಗಿಸಿದರೆ ಬೀಗರು ಏನೆಂದಾರು? ಆದರೆ ನವಾಜನ ಮುಖ ಮದುವೆಯಾದ ಮೇಲೆ ಮೊದಲ ಸಲ ಅರಳಿತು. ಆ ಮಧ್ಯಾಹ್ನವೇ ಅವನೂ ಜೈತುನಳೂ ಸೇರಿ ಚೀಲಗಳನ್ನು ಹಿಂದಿನ ಗೋಡೆಗೆ ಮಾಳಿಗೆಯೆತ್ತರ ಒಟ್ಟಿದರು, ನೆಲ ತೊಳೆದರು, ಗಾಳಿಗೆಂದು ಬಾಗಿಲ ಮೇಲೆ ಜಾಲರಿ ಬಿಗಿದರು. ನನ್ನ ಗಾದಿ ಆ ಬಾಗಿಲಲ್ಲಿ ತೂರಲಿಲ್ಲ. ಎರಡು ಕೌದಿ ಹಾಸಿಕೊಂಡರು. ಬಲ್ಬು ಒಯ್ದು ಪ್ರಯೋಜನವಿಲ್ಲವೆಂದು ಸೆಲ್ಲಿನ ಬ್ಯಾಟರಿ ದೀಪ ಇಟ್ಟುಕೊಂಡರು.

ಬೆಳಿಗ್ಗೆ ಹಾಲಿನವನು ಬಂದು ಹೋದ, ತರಕಾರಿಯವಳು ಬಂದು ಹೋದಳು, ತೊಟ್ಟಿಯ ಬಾಗಿಲು ತೆರೆಯಲಿಲ್ಲ. ಉಸಿರುಕಟ್ಟಿತೋ ಏನೋ ಎಂದು ನಾನು ಹೋಗಿ ಕಿವಿಯಿಟ್ಟೆ. ಒಳಗಿಂದ ಗೊರಕೆ ಕೇಳುತ್ತಿತ್ತು. ಕಬ್ಬಿಣದ ಗೋಡೆಗೆ ತಾಗಿ ಅದು ದರ್ಗಾದ ನಗಾರಿಯ ಹಾಗೆ ಮೊಳಗುತ್ತಿತ್ತು. ಜೈತುನ ಮೆಲ್ಲಗೆ ಹೊರಗೆ ಬಂದಳು. "ಅವ್ರನ್ನ ಎಬ್ಬಿಸಬ್ಯಾಡ್ರಿ" ಎಂದು ಬೆರಳಿನಿಂದ ಸನ್ನೆ ಮಾಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಹಬ್ಬ ಮುಗಿದ ಮೇಲೆ ಊರಿಗೆ ಹೋಗುವ ಮಾತು ನಿಂತಿತು. ನವಾಜ ಮೈ ತುಂಬಿಕೊಂಡ. ಸುದ್ದಿ ಊರಿಗೆಲ್ಲ ಹರಡಿತು. ನಿದ್ದೆಗೆಟ್ಟವರೆಲ್ಲ ಕರೆಂಟನ್ನು ಬೈಯತೊಡಗಿದರು. ಮೊಣಕಾಲು ನೋವಿನವರು, ಅಜೀರ್ಣದವರು, ಮಕ್ಕಳು ಓದುವುದಿಲ್ಲ ಎನ್ನುವವರು ನಮ್ಮ ಹಿತ್ತಲಿಗೆ ಬಂದು ತೊಟ್ಟಿಯ ಸುತ್ತ ತಿರುಗಿ ಹೋದರು. ದ್ಯಾಮಣ್ಣ ತಗಡಿನ ಟೊಪ್ಪಿಗೆ ಮಾಡಿ ಅಂಗಡಿಯ ಮುಂದೆ ನೇತುಹಾಕಿದ. ಮಾಸ್ತರೊಬ್ಬರು ಅದನ್ನು ಹಾಕಿಕೊಂಡೇ ಶಾಲೆಗೆ ಹೋದರು.

ಹೀಗಿರುವಾಗ ಒಂದು ಸಂಜೆ ಜೈತುನಳ ಕಿವಿಯ ಓಲೆ ತೊಟ್ಟಿಯಲ್ಲಿ ಬಿತ್ತು. ನವಾಜ ಪೇಟೆಗೆ ಹೋಗಿದ್ದ. ಬ್ಯಾಟರಿಯ ಸೆಲ್ಲು ಮುಗಿದಿತ್ತು. ಅವಳು ರೂಢಿಯ ಮೇಲೆ ಅಡುಗೆಮನೆಯ ಗೂಟದಿಂದ ಬಲ್ಬು ತೆಗೆದುಕೊಂಡು ಹೋಗಿ, ಒಳಗೆ ಕೂತು, ಬಾಗಿಲು ಗಾಳಿಗೆ ಹಾಕಿಕೊಂಡರೂ ಲಕ್ಷ್ಯವಿಲ್ಲದೆ ಓಲೆ ಹುಡುಕಿದಳು. ಸಿಕ್ಕಿತು. ಕಿವಿಗೆ ಹಾಕಿಕೊಳ್ಳುವಾಗ ಕೈಯಲ್ಲಿದ್ದ ಬಲ್ಬಿನ ಕಡೆ ನೋಡಿದಳು. ಅದು ಚೆನ್ನಾಗಿ ಉರಿಯುತ್ತಿತ್ತು.

ನಮ್ಮನ್ನು ಕರೆದು ತೋರಿಸಿದಳು. ಒಟ್ಟಿದ ಚೀಲಗಳನ್ನು ಸರಿಸಿ ನೋಡಿದರೆ ಹಿಂದಿನ ಗೋಡೆ ತುಕ್ಕು ತಿಂದು, ಎಮ್ಮೆ ಹೋಗುವಷ್ಟು ಕಿಂಡಿಯಾಗಿತ್ತು. ಹೊರಗೆ ಬಳ್ಳಿ ಹಬ್ಬಿದ್ದರಿಂದ ಆ ಕಡೆಯಿಂದಲೂ ನಮಗೆ ಕಂಡಿರಲಿಲ್ಲ. ಬಲ್ಬನ್ನು ಕೌದಿಯ ಮೇಲಿಟ್ಟೆವು, ಮೂಲೆಯಲ್ಲಿಟ್ಟೆವು, ದಿಂಬಿನ ಮೇಲಿಟ್ಟೆವು. ಎಲ್ಲ ಕಡೆಯೂ ಉರಿಯಿತು. ನವಾಜ ಇಷ್ಟು ದಿನವೂ ಕರೆಂಟಿನಲ್ಲೇ ಮಲಗಿ ಗೊರಕೆ ಹೊಡೆದಿದ್ದ.

"ಚೀಲ ಹಂಗ ಒಟ್ಟಿಬಿಡ್ರಿ" ಎಂದೆ ನಾನು. "ಅವಗ ಹೇಳಬ್ಯಾಡ್ರಿ. ನಿದ್ದಿ ಬರಾಕತ್ತೇತಿ, ಇನ್ನೇನು ಬೇಕು?"

ಕಾಶೀಂಬಿ ಹೌದು ಹೌದು ಎಂದು ಆಗಲೇ ಒಂದು ಚೀಲ ಎತ್ತಿದ್ದಳು. ಜೈತುನ ಅದನ್ನು ಅವಳ ಕೈಯಿಂದ ಇಳಿಸಿದಳು.

"ಅವ್ರು ನನ್ನ ಗಂಡ ಅವ್ವ. ಒಂದು ಸುಳ್ಳಿನ ಮ್ಯಾಲೆ ದಿನಾ ಮಲಗಸಲೇನು? ನಾಳೆ ಇನ್ಯಾರೋ ಬಲ್ಬು ತಂದು ತೋರಸ್ತಾರ. ಆಗ ನಿದ್ದಿನೂ ಹೋಗತೈತಿ, ನಾನೂ ಹೋಗ್ತೀನಿ ಅವ್ರ ಮನಸಿಂದ."

ನವಾಜ ಪೇಟೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಅವಳು ಬಲ್ಬು ಹಿಡಿದು ಅವನ ಮುಂದೆ ನಿಂತಿದ್ದಳು. ಅವನು ತೊಟ್ಟಿಯೊಳಗೆ ಹೋಗಿ ಕಿಂಡಿ ನೋಡಿದ. ಬಳ್ಳಿಯನ್ನು ಕೈಯಿಂದ ಸರಿಸಿ ಆಚೆ ಇಣುಕಿದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಬೆಳಿಗ್ಗೆ ಎದ್ದರೆ ಅವನಿಲ್ಲ. ಹಳ್ಳದ ಕಡೆ ಹೋದದ್ದನ್ನು ಕಂಡೆ ಎಂದು ಹಾಲಿನವನು ಹೇಳಿದ. ಜೈತುನ ಏನೂ ಆಗದವಳಂತೆ ಅಂಗಡಿ ಗುಡಿಸಿ, ಬಿಲ್ಲು ತೆಗೆದುಕೊಂಡು, ಹಿಂಜಲು ಕೂತಳು. ಅವತ್ತು ಹಿಂಜಿದ ಅರಳೆಯೆಲ್ಲ ಗಂಟುಗಂಟಾಗಿತ್ತು. ಕಾಶೀಂಬಿ ನನ್ನನ್ನು, ನಾನು ದ್ಯಾಮಣ್ಣನನ್ನು, ದ್ಯಾಮಣ್ಣ ಕರೆಂಟನ್ನು ಬೈದೆವು. ನಾನು ಬಸ್ಸು ನಿಲ್ಲುವಲ್ಲಿಗೆ ಹೋಗಿ ವಿಚಾರಿಸಿದೆ. ಅಂಥವನು ಬಸ್ಸು ಹತ್ತಿಲ್ಲ ಎಂದರು. ಅದನ್ನು ಕೇಳಿ ಸಮಾಧಾನಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಬಂದ. ಬೆನ್ನಿಗೆ ಹುಲ್ಲು ಅಂಟಿತ್ತು. ಅಂಗಡಿಯ ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಕುಡಿದು, ಜೈತುನಳ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಚೆಂಬಿಗೆ ಹೇಳುವವನಂತೆ ಹೇಳಿದ.

"ಹಳ್ಳ ದಾಟಿ ಹೋಗಿದ್ದೆ. ಬಲ್ಬು ಒಯ್ದಿದ್ದೆ. ಅಲ್ಲಿ ಉರಿಯಲಿಲ್ಲ. ಬೇವಿನ ಗಿಡದ ಕೆಳಗ ಟವೆಲ್ಲು ಹಾಸಿ ಮಲಗಿದೆ. ತಂಪು ಗಾಳಿ ಬೀಸತಿತ್ತು. ಇಡೀ ಹಗಲು ಮಲಗಿದೆ ಮಾವ." ಚೆಂಬು ಕೆಳಗಿಟ್ಟು, "ಅಲ್ಲೂ ನಿದ್ದಿ ಬರಲಿಲ್ಲ" ಎಂದ.

ಜೈತುನ ಮೊದಲು ನಕ್ಕಳು. ಆಮೇಲೆ ಅವನೂ ನಕ್ಕ, ಬಹಳ ದಣಿದವರು ನಗುವ ಹಾಗೆ. ಅವಳು ಅವನ ಬೆನ್ನಿನ ಹುಲ್ಲು ತೆಗೆಯತೊಡಗಿದಳು, ನನ್ನೆದುರೇ. ನಾನು ಒಳಗೆ ಎದ್ದು ಹೋದೆ.

ಇದನ್ನು ಇಲ್ಲಿಗೇ ಬಿಡುವುದು ನವಾಜನ ಸ್ವಭಾವವಲ್ಲ. ಅಳತೆ ಹಿಡಿಯದೆ ಬಟ್ಟೆ ಕತ್ತರಿಸುವವನಲ್ಲ ಅವನು. ಡಾಕ್ಟರ್ ಅನಸೂಯಾ ಹತ್ತಿರ ಹೋಗಿ ಮಾತಾಡಿಕೊಂಡು ಬಂದ. ಅವರಿಬ್ಬರೂ ಗೊತ್ತುಮಾಡಿದ ಪರೀಕ್ಷೆ ಹೀಗಿತ್ತು: ಕಿಂಡಿಗೆ ಒಳಗಿನಿಂದ ಗೋಣಿತಟ್ಟಿನ ಪರದೆ. ಅದರ ಹೊರಗೆ ಕೆಲವು ದಿನ ಹಿತ್ತಾಳೆ ತಗಡು ಮುಚ್ಚುವುದು, ಆಗ ಒಳಗೆ ಕರೆಂಟು ಬರುವುದಿಲ್ಲ. ಕೆಲವು ದಿನ ಬರೀ ಹಲಗೆ ಮುಚ್ಚುವುದು, ಆಗ ಬರುತ್ತದೆ. ಯಾವತ್ತು ಯಾವುದು ಎಂದು ನವಾಜನಿಗೆ ಗೊತ್ತಾಗಕೂಡದು. ಅವನು ಒಳಗೆ ಬಲ್ಬು ಒಯ್ಯುವುದಿಲ್ಲ. ಬೆಳಿಗ್ಗೆ ನಿದ್ದೆ ಹೇಗಾಯಿತು ಎಂದು ಅವನು ಹೇಳಿದ ಮೇಲೆಯೇ ಉಳಿದದ್ದು ತಿಳಿಯಬೇಕು.

ಮುಚ್ಚುವ ಕೆಲಸ ಮೊದಲು ಕಾಶೀಂಬಿಗೆ ಬಂತು. ಒಂದೇ ದಿನದಲ್ಲಿ ಅದು ಕೆಟ್ಟಿತು. ತಗಡು ಮುಚ್ಚಿದ ಸಂಜೆ ಅವಳು ಅಳಿಯನಿಗೆ, "ಇವತ್ತ ಆರಾಮ ಮಲಗಪ್ಪ, ಏನೂ ಚಿಂತಿಲ್ಲ" ಎಂದು ಹರಸಿ ಕಳಿಸಿದಳು. ಡಾಕ್ಟರು ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಮುಚ್ಚುವವರು ಮನೆಯವರಾಗಬಾರದು, ಮುಖವೂ ತೋರಿಸಬಾರದು ಎಂದರು. ಹಾಗಾಗಿ ದ್ಯಾಮಣ್ಣ ಬಂದ. ಹಿಂದಿನ ಗೇಟಿನಿಂದ ಬಂದು ಮುಚ್ಚಿ ಹಾಗೇ ಹೋಗುತ್ತಿದ್ದ. ಬೆಳಿಗ್ಗೆ ನವಾಜ ಹೇಳಿ ಮುಗಿಸುವವರೆಗೂ ಅವನು ತನ್ನ ಅಂಗಡಿಯಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದ. ಮಾತಿನ ಮಲ್ಲನಾದ ಅವನಿಗೆ ಅದೊಂದು ದೊಡ್ಡ ಶಿಕ್ಷೆಯಾಗಿತ್ತು.

ಅದೇ ದಿನಗಳಲ್ಲಿ ಹಾಸ್ಟೆಲ್ಲೊಂದರಿಂದ ದೊಡ್ಡ ಆರ್ಡರು ಬಂತು. ಗವಸು ಹೊಲಿಯುತ್ತಿದ್ದ ನನ್ನ ಹೆಬ್ಬೆರಳಿಗೆ ದಬ್ಬಣ ಇಳಿದು ಊದಿಕೊಂಡಿತು. ಜೈತುನ ನನ್ನ ಒಪ್ಪಿಗೆ ಕೇಳಲಿಲ್ಲ. ಮೂಲೆಯ ಯಂತ್ರದ ಹೊದಿಕೆ ಎಳೆದು ಬಿಸಾಕಿ, ಎಣ್ಣೆ ಹಾಕಿ, ಗಂಡನನ್ನು ಕೂರಿಸಿದಳು. ನಾನು ಬೇಡಬೇಡವೆಂದೆ. ಆಮೇಲೆ ಅವನು ಹೊಲಿಯುವುದನ್ನು ನೋಡಿ ಬೇರೆ ಕಾರಣಕ್ಕೆ ಬೇಡವೆಂದೆ.

"ಹಿಂಗ ಹೊಲದ್ರ ಮೂಲಿ ಹರಿತೈತಿ. ಇದು ಅಂಗಿ ಅಲ್ಲ, ಗಾದಿ. ಇದರ ಮ್ಯಾಲೆ ಮಂದಿ ಹೊರಳಾಡತಾರ."

"ನಿಮ್ಮಂಗ ದಪ್ಪ ಹೊಲಿಗಿ ಹಾಕಿದ್ರ ಬೆನ್ನಿಗೆ ಒತ್ತತೈತಿ ಮಾವ."

"ನನ್ನ ಗಾದಿ ಒತ್ತತೈತಿ ಅಂತ ಈ ಊರಾಗ ಯಾರೂ ಅಂದಿಲ್ಲ."

"ನಿಮ್ಮ ಮುಂದ ಅಂದಿಲ್ಲ."

ಅಷ್ಟು ದಿನ ಮೆತ್ತಗಿದ್ದವನ ಬಾಯಿಂದ ಈ ಮಾತು ಬಂದಾಗ ನನಗೆ ತಲೆ ಕಾದಿತು. ಮೂರು ಮನೆಯವರಿಗೆ ಕೇಳುವಂತೆ ಜಗಳವಾಡಿದೆವು. ಕಾಶೀಂಬಿ ಬಾಗಿಲಲ್ಲಿ ನಿಂತು ಇಬ್ಬರಿಗೂ ಚಹಾ ಕೊಡಲಿಲ್ಲ. ಕೊನೆಗೆ ಮೂಲೆಗೆ ನನ್ನ ಹೊಲಿಗೆ, ನಡುವೆ ಅವನ ಹೊಲಿಗೆ ಎಂದಾಯಿತು. ಹಾಗೆ ಮಾಡಿದ ಗಾದಿ ಎರಡಕ್ಕಿಂತಲೂ ಚೆನ್ನಾಗಿತ್ತು. ಇದನ್ನು ನಾನು ಅವನಿಗೆ ಹೇಳಲಿಲ್ಲ.

ಪರೀಕ್ಷೆ ಮುಗಿದ ದಿನ ನಾವೆಲ್ಲ ಡಾಕ್ಟರರ ಮನೆಯ ಪಡಸಾಲೆಯಲ್ಲಿ ಸೇರಿದೆವು. ನವಾಜ ತನ್ನ ನಿದ್ದೆಯ ಲೆಕ್ಕ ಹೇಳುತ್ತಾ ಹೋದ. ದ್ಯಾಮಣ್ಣ, ಬಾಯಿ ಬಿಡಲು ಅಪ್ಪಣೆ ಸಿಕ್ಕ ಸಂತೋಷದಲ್ಲಿ, ತಗಡು, ಹಲಗೆ ಎಂದು ಕೂಗಿ ಹೇಳಿದ. ತಗಡು ಇದ್ದಾಗಲೂ ಅವನು ಹೊರಳಾಡಿದ್ದ, ತಗಡು ಇದ್ದಾಗಲೂ ಗೊರಕೆ ಹೊಡೆದಿದ್ದ. ಹಲಗೆಯದೂ ಹಾಗೇ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ತಗಡು ಹಾಕಿದ್ದಾರೆ ಎಂದು ಅವನು ಖಚಿತವಾಗಿ ಹೇಳಿದ ದಿನಗಳಲ್ಲಿ ಅರ್ಧ ತಪ್ಪಾಗಿದ್ದವು.

"ಒಬ್ಬ ಮನಶ್ಯಾನ ಮ್ಯಾಲೆ, ಒಂದು ತೊಟ್ಟಿಯಾಗ ನೋಡಿದ್ದಿದು" ಎಂದರು ಡಾಕ್ಟರು. "ಊರಿಗೆಲ್ಲ ಡಂಗುರ ಹೊಡೀಬ್ಯಾಡ್ರಿ. ಆದ್ರ ನವಾಜ, ನಿನ್ನ ಮಟ್ಟಿಗಂತೂ ಕರೆಂಟಿನ ಮ್ಯಾಲೆ ತಪ್ಪು ಹೊರಸಾಕ ನನಗ ಏನೂ ಸಿಗವಲ್ದು."

ನವಾಜ ತಲೆ ಕೆರೆದುಕೊಂಡ. "ಹಂಗಾದ್ರ ನನಗ ನಿದ್ದಿ ಬಂದ ದಿನ ಯಾಕ ಬಂತು?"

"ನಾ ಹೇಳಲೇನು?" ಎಂದಳು ಜೈತುನ. "ನೀವು ಯಂತ್ರ ತುಳಿದ ದಿನ ಬಂತು. ಅಪ್ಪನ ಜೋಡಿ ಜಗಳಾಡಿದ ದಿನ ಇನ್ನೂ ಚಲೋ ಬಂತು. ಮೊದಲ ದಿನಾ ನೆನಸ್ಕೋರಿ. ತೊಟ್ಟಿ ತೊಳದು, ಚೀಲ ಹೊತ್ತು ಮಲಗಿದ್ರಿ. ಹೊತ್ತೇರಿದ್ರೂ ಏಳಲಿಲ್ಲ."

ನವಾಜ ನನ್ನ ಕಡೆ ತಿರುಗಿದ. ಹೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದ ಎಂದು ಕಾಣುತ್ತದೆ.

"ನಿಮ್ಮ ಮನ್ಯಾಗ ನಾನು ಗ್ವಾಡಿಗೆ ಹಾಕಿದ ಫೋಟೋ ಇದ್ದಂಗ ಇದ್ದೆ ಮಾವ. ದಿನಾ ಒರಸತಿದ್ರಿ, ನಮಸ್ಕಾರ ಮಾಡತಿದ್ರಿ. ಫೋಟೋದೊಳಗಿನವ ಹ್ಯಾಂಗ ಮಲಗಬೇಕು?"

ಪಕ್ಕದಲ್ಲಿ ಕಾಶೀಂಬಿ ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆಯಿಂದ ನೀರು ನೀನ ತರಬೇಕು ಮತ್ತ. ಎರಡು ಕೊಡ" ಎಂದಳು. ಅವನು ಆಯಿತು ಎಂದ. ಡಾಕ್ಟರು ಒಳಗೆ ಹೋಗಿ ಎಲ್ಲರಿಗೂ ಮಂಡಕ್ಕಿ ತಂದರು.

ಹಬ್ಬ ಬಂತು, ಹೋಯಿತು. ನವಾಜ ತೊಟ್ಟಿ ಬಿಟ್ಟು ಮನೆಯೊಳಗೆ ಬಂದ. ನಾನು ಮಾಡಿದ ಆ ದೊಡ್ಡ ಗಾದಿಯನ್ನು ಬಿಚ್ಚಿ ಎರಡು ಮಾಡಿದೆವು. ಅವನೇ ಗವಸು ಹೊಲಿದ. ಈಗಲೂ ಒಮ್ಮೊಮ್ಮೆ ಅವನಿಗೆ ನಿದ್ದೆ ಬರುವುದಿಲ್ಲ. ಎಲ್ಲರಿಗೂ ಹಾಗೆ ಆಗುತ್ತದೆ, ಹಾಗಾದಾಗ ಅವನು ಬೆಳಿಗ್ಗೆ ಸಿಡಿಮಿಡಿಗುಟ್ಟುತ್ತಾನೆ, ನಾವೂ ತಿರುಗಿ ಸಿಡಿಮಿಡಿಗುಟ್ಟುತ್ತೇವೆ. ದ್ಯಾಮಣ್ಣನ ಟೊಪ್ಪಿಗೆಗಳು ಉಳಿದುಹೋದವು. ಅವಕ್ಕೆ ತೂತು ಹಾಕಿ ಜರಡಿಯೆಂದು ಮಾರಿದ.

ಚಳಿಗಾಲದಲ್ಲಿ ನವಾಜನ ತಾಯಿ ಚಾಂದಬಿ ಮೊದಲ ಬಾರಿ ನಮ್ಮಲ್ಲಿ ಇರಲು ಬಂದಳು. ಬೀಗಿತಿ ಎಂದು ಕಾಶೀಂಬಿ ಅವಳನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ಕೂತಲ್ಲಿಗೆ ಊಟ, ಕೂತಲ್ಲಿಗೆ ಎಲೆಯಡಿಕೆ. ಮರುದಿನ ಬೆಳಿಗ್ಗೆ ಚಾಂದಬಿ ಹಣೆ ಒತ್ತಿಕೊಳ್ಳುತ್ತಾ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಳು.

"ಏನ ಊರಪ್ಪ ಇದು. ಮೈಯೆಲ್ಲಾ ಜುಮ್ಮಂತೈತಿ. ಇಡೀ ರಾತ್ರಿ ಕಣ್ಣಿಗೆ ಕಣ್ಣ ಹತ್ತಲಿಲ್ಲ. ಈ ಕರೆಂಟಿನಾಗ ಹ್ಯಾಂಗ ಬದುಕತೀರಿ?"

ನಾನೂ ಜೈತುನಳೂ ನವಾಜನ ಕಡೆ ನೋಡಿದೆವು. ಈಗ ತಗಡಿನ ಕಥೆಯೆಲ್ಲ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಯಂತ್ರ ನಿಲ್ಲಿಸಿ, ದಾರ ಹಲ್ಲಿನಿಂದ ಕಡಿದ.

"ಇದ್ರೂ ಇರಬಹುದವ್ವ. ಅದಿರಲಿ, ನಮ್ಮ ಅತ್ತಿ ಸಜ್ಜಿ ರೊಟ್ಟಿ ಬಡಿಯೂದು ನೋಡಿಯೇನು? ಅಂಚು ಒಡಿತಾವು. ನಿನ್ನಂಗ ಬರಂಗಿಲ್ಲ."

ಒಳಗಿಂದ ಪಾತ್ರೆ ನೆಲಕ್ಕೆ ಕುಕ್ಕಿದ ಸದ್ದಾಯಿತು. ಕಾಶೀಂಬಿ ಕೇಳಿಸಿಕೊಂಡಿದ್ದಳು. ಚಾಂದಬಿ ಹಣೆಯಿಂದ ಕೈ ತೆಗೆದಳು. "ಅಂಚು ಯಾಕ ಒಡಿತಾವು? ನೀರು ಸಾಲಂಗಿಲ್ಲ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಅಡುಗೆಮನೆಯ ಕಡೆ ನಡೆದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ಹೆಂಗಸರ ದನಿ ಏರತೊಡಗಿತು. ಹಿಟ್ಟಿಗೆ ಬಿಸಿನೀರೋ ತಣ್ಣೀರೋ ಎನ್ನುವುದು ಮಾತು. ಯಾರೂ ಸೋಲುವ ಹಾಗೆ ಕಾಣಲಿಲ್ಲ.

ನವಾಜ ಕಿವಿಗೊಟ್ಟು ಕೇಳಿದ. ನಂತರ ಹೊಸ ಗವಸನ್ನು ಸೂಜಿಯ ಕೆಳಗೆ ಸರಿಸಿ, ಯಂತ್ರ ತುಳಿಯತೊಡಗಿದ.

"ಇವತ್ತ ಮಲಗತಾಳ ಬಿಡ್ರಿ" ಎಂದ.